ಐತಪ್ಪನವರು ಬ್ರಿಟನ್ ಆದ ದಿನ

ಕಲಾವತಿ ಐತಪ್ಪನವರನ್ನು ಮೊದಲು ನೋಡಿದ್ದು 1993ರ ದೀಪಾವಳಿಯ ಹೊತ್ತಿನಲ್ಲಿ, ಲಾಸ್ ಏಂಜಲೀಸಿನ ಒಂದು ಶಾಲೆಯ ಪಾರ್ಕಿಂಗ್ ಲಾಟಿನಲ್ಲಿ. ಕನ್ನಡ ಕೂಟದ ಊಟ ಮುಗಿದಿತ್ತು. ಪುಳಿಯೋಗರೆಯ ಖಾಲಿ ಪಾತ್ರೆ ಹಿಡಿದು ಆಕೆ ಕಾರಿನ ಕಡೆ ಹೊರಟಿದ್ದಳು. ಹಳೆಯ ಟೊಯೋಟಾ ಒಂದಕ್ಕೆ ಒರಗಿಕೊಂಡು, ಕೆಲಸದಿಂದ ನೇರವಾಗಿ ಬಂದವರಂತೆ ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡಿದ್ದ ಕುಳ್ಳಗಿನ ಗಂಡಸೊಬ್ಬರು ನಾಲ್ಕು ಜನರೆದುರು ಶಕುನಿಯ ಪರವಾಗಿ ಮಾತಾಡುತ್ತಿದ್ದರು. "ಸೆರೆಮನೆಯಲ್ಲಿ ನನ್ನ ಒಡಹುಟ್ಟಿದವರು ಅಗುಳು ಅನ್ನಕ್ಕಾಗಿ ಸತ್ತರು. ನಾನು ದಾಳ ಉರುಳಿಸಿದ್ದು ಮಾತ್ರ ನಿಮಗೆ ಕಂಡಿತೋ?" ಕಲಾವತಿಯ ಕಣ್ಣು ಒದ್ದೆಯಾಯಿತು. ಅಷ್ಟರಲ್ಲಿ ಯಾರೋ ಕಾಫಿ ಕೊಟ್ಟರು. ಅವರು ಕುಡಿದು, ಬಾಯಿ ಒರೆಸಿಕೊಂಡು, ಈಗ ಧರ್ಮರಾಯ ಎಂದರು. ಐದೇ ನಿಮಿಷದಲ್ಲಿ ಶಕುನಿಯನ್ನು ನೆಲಸಮ ಮಾಡಿಬಿಟ್ಟರು.

"ಅಲ್ರೀ, ಈಗ ತಾನೇ ಶಕುನಿ ಪಾರ್ಟಿ ಆಗಿದ್ರಲ್ಲ?" ಎಂದಳು ಕಲಾವತಿ.

"ಅದು ಶಕುನಿಯ ಅರ್ಥ ಅಕ್ಕ, ಇದು ಧರ್ಮರಾಯಂದು. ನಾನು ಬರೀ ಐತಪ್ಪ, ಮಾರಾಯ್ರೆ."

ಪುತ್ತೂರಿನ ಕಡೆಯ ಐತಪ್ಪನವರು ತಾಳಮದ್ದಳೆಯಲ್ಲಿ ಬೆಳೆದವರು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡಿದ ಮೇಲೆ ಕುಳಿತಲ್ಲೇ ಪಾತ್ರವಾಗಿ ವಾದಿಸಬೇಕು. ಆ ಮಾತಿಗೇ ಅರ್ಥ ಎಂದು ಹೆಸರು. ಯಾವ ಪಾತ್ರ ಸಿಕ್ಕಿದರೂ ಎದುರಾಳಿಗೆ ಎಡೆ ಕೊಡಬಾರದು ಎಂಬುದು ಅವರು ಕಲಿತ ಪಾಠ. ಹೊಲಿಗೆ ಕಲಿತದ್ದು ಮುಂಬಯಿಯಲ್ಲಿ. ಈಗ ಕಲ್ವರ್ ಸಿಟಿಯಲ್ಲಿ ಸಿನಿಮಾಗಳಿಗೆ ಉಡುಪು ಬಾಡಿಗೆ ಕೊಡುವ ಅಂಗಡಿಯೊಂದರಲ್ಲಿ ಹೊಲಿಯುತ್ತಿದ್ದರು.

ಆಮೇಲೆ ತಿಂಗಳಿಗೊಂದು ಶನಿವಾರ ಅವರು ಸ್ಯಾನ್ ಡಿಯಾಗೋವರೆಗೆ ಡ್ರೈವ್ ಮಾಡಿಕೊಂಡು ಬಂದು, ಕಾರ್ಮೆಲ್ ವ್ಯಾಲಿಯ ಕಲಾವತಿಯ ಮನೆಯಲ್ಲಿ ಮಕ್ಕಳಿಗೆ ಅರ್ಥ ಹೇಳುವುದನ್ನು ಕಲಿಸತೊಡಗಿದರು. ಆಕೆಯ ಮಗ ಗಿರಿಧರ್ ಆಗ ಹೈಸ್ಕೂಲಿನಲ್ಲಿದ್ದ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದ ಹುಡುಗ ಐತಪ್ಪ ಅಂಕಲ್ ಎದುರು ಮಾತ್ರ ತಡವರಿಸುತ್ತಲಾದರೂ ಕನ್ನಡ ಆಡುತ್ತಿದ್ದ.

ಅದೇ ಗಿರಿಧರ್ 1998ರಲ್ಲಿ ಕಾಲೇಜು ಬಿಟ್ಟು, ಯುದ್ಧದಲ್ಲಿ ಮೊದಲು ನೆಲಕ್ಕಿಳಿಯುವ ಅಮೆರಿಕದ ಮರೀನ್ ಸೈನ್ಯಕ್ಕೆ ಸೇರಿದ. ಅಪ್ಪ ವೆಂಕಟಾಚಲ ಟೆಲಿಕಾಂ ಇಂಜಿನಿಯರ್. ಅವರಿಗೆ ಇದನ್ನು ನಾಲ್ಕು ಜನರೆದುರು ಹೇಳಲು ಬಾಯಿ ಬರಲಿಲ್ಲ. "ಓಶನ್‌ಸೈಡಲ್ಲಿ ಟ್ರೈನಿಂಗಲ್ಲಿದಾನೆ" ಎನ್ನುತ್ತಿದ್ದರು. ಯಾವುದೋ ಕಂಪನಿ ಇರಬೇಕು ಎಂದು ಎಲ್ಲರೂ ಅಂದುಕೊಂಡರು, ಐತಪ್ಪನವರೂ ಸಹ. ಆ ಊರಿಗೆ ಅಂಟಿಕೊಂಡೇ ಮರೀನರ ದೊಡ್ಡ ನೆಲೆ ಪೆಂಡಲ್ಟನ್ ಇದೆಯೆಂಬುದು ಯಾರಿಗೂ ಹೊಳೆಯಲಿಲ್ಲ.

ಮರುವರ್ಷ ಮಾರ್ಚಿನಲ್ಲಿ ನ್ಯಾಟೋ ವಿಮಾನಗಳು, ತನ್ನದೇ ಒಂದು ಪ್ರಾಂತದ ಜನರನ್ನು ಊರು ಬಿಡಿಸಿ ಓಡಿಸುತ್ತಿದ್ದ ಯುಗೊಸ್ಲಾವಿಯದ ಮೇಲೆ ಬಾಂಬು ಹಾಕತೊಡಗಿದವು. ಅಲ್ಲಿಯವರೆಗೆ ನ್ಯಾಟೋ ಎಂದರೇನೆಂದು ತಲೆ ಕೆಡಿಸಿಕೊಳ್ಳದಿದ್ದ ಕಲಾವತಿಗೆ ಏಪ್ರಿಲ್ ಹೊತ್ತಿಗೆ ಅದರ ಒಬ್ಬೊಬ್ಬ ನಾಯಕನ ಮನಸ್ಸೂ ಬಾಯಿಪಾಠವಾಗಿತ್ತು. ಬ್ರಿಟನ್ನಿನ ಪ್ರಧಾನಿಗೆ ಕಾಲಾಳು ಪಡೆ ಇಳಿಸಬೇಕೆಂಬ ಹಟ. ಅಮೆರಿಕದ ಅಧ್ಯಕ್ಷರಿಗೆ ಅರೆಮನಸ್ಸು. ಜರ್ಮನಿಗೆ ಬೇಡವೇ ಬೇಡ. ಬ್ರಿಟನ್ನಿನ ಮಾತು ನಡೆದರೆ ಗಿರಿ ಹೋಗಬೇಕಾದೀತು. ಆಕೆಗೆ ಇಡೀ ಒಕ್ಕೂಟದಲ್ಲಿ ಕಂಡದ್ದು ಅಷ್ಟೇ.

ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಲಾಸ್ ಏಂಜಲೀಸಿನ ಕೂಟದಲ್ಲಿ ಚರ್ಚೆ ಏರ್ಪಟ್ಟಿತು. ಸೈನ್ಯ ಇಳಿಸಬೇಕೋ ಬೇಡವೋ? ಬೇಡ ಎನ್ನಲು ವೆಂಕಟಾಚಲ ತಾವಾಗಿಯೇ ಎದ್ದು ನಿಂತರು. ಬೇಕು ಎನ್ನಲು ಯಾರೂ ಮುಂದೆ ಬರಲಿಲ್ಲ.

"ಐತಪ್ಪನವರೇ, ನೀವು ಬ್ರಿಟನ್ ಆಗಿ" ಎಂದರು ಕಾರ್ಯದರ್ಶಿ ಬಾಲಕೃಷ್ಣ. "ಶಕುನಿಯನ್ನೇ ಗೆಲ್ಲಿಸಿದವ್ರು, ಇದೇನ್ ಮಹಾ!"

"ಪಾತ್ರ ಕೊಟ್ಟ ಮೇಲೆ ಮುಗೀತಲ್ಲ" ಎಂದು ನಗುತ್ತ ಐತಪ್ಪನವರು ಕುರ್ಚಿ ಎಳೆದು ಕುಳಿತರು.

ವೆಂಕಟಾಚಲ ಅಂಕಿಅಂಶ ಹೇಳಿದರು. ಇದು ಯುರೋಪಿನ ಜಗಳ, ನಮ್ಮ ಹುಡುಗರು ಯಾಕೆ ಸಾಯಬೇಕು ಎಂದರು. ಆ ಮಾತಿನಲ್ಲಿ ದನಿ ಕೊಂಚ ನಡುಗಿತು. ಎದುರಾಳಿಯ ದನಿ ನಡುಗಿದರೆ ಅಲ್ಲೇ ಹಿಡಿಯಬೇಕು; ಐತಪ್ಪನವರು ಹಿಡಿದರು.

"ಮೋಡದ ಮರೆಯಲ್ಲಿ ನಿಂತು ಬಾಣ ಬಿಟ್ಟವ ಇಂದ್ರಜಿತು. ಅದನ್ನು ಶೌರ್ಯ ಅಂತ ಯಾರಾದರೂ ಹೇಳಿದ್ದುಂಟೋ? ಸ್ನೇಹಿತರ ಕೂಟ ಕಟ್ಟಿ, ಹೊಡೆದಾಟ ಬಂದಾಗ ಹದಿನೈದು ಸಾವಿರ ಅಡಿ ಮೇಲೆ ಹಾರುವುದು ಎಂಥಾ ಸ್ನೇಹ? ನೆಲಕ್ಕೆ ಇಳಿ!"

ಸಭೆ ಚಪ್ಪಾಳೆ ತಟ್ಟಿತು. ವೆಂಕಟಾಚಲ ಏನೋ ಹೇಳಲು ಹೋಗಿ ತೊದಲಿದರು.

"ಹೇಳಿ ಸ್ವಾಮೀ! ಮಗನನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡವರಿಗೆ ರಾಜ್ಯ ಯಾಕೆ, ಸೇನೆ ಯಾಕೆ? ಕಳಿಸಿ!"

ಕಲಾವತಿ ಎದ್ದು ನಿಂತಳು. ಗಂಡ ದೂರದಿಂದಲೇ, "ಕಲಾ, ಕೂತ್ಕೋ" ಎಂದರು. ಆಕೆ ಕೂರಲಿಲ್ಲ.

"ಗಿರಿ ಮರೀನ್ಸಲ್ಲಿದಾನೆ, ಐತಪ್ಪನವರೇ. ಪೆಂಡಲ್ಟನ್‌ನಲ್ಲಿ. ನೀವು ಕಳಿಸಿ ಅಂತಿರೋದು ಅವನನ್ನ."

ಯಾರೋ ಅರ್ಧಕ್ಕೆ ತಟ್ಟಿದ ಚಪ್ಪಾಳೆ ನಿಂತುಹೋಯಿತು. ಐತಪ್ಪನವರ ಮುಖ ಬಿಳಿಚಿಕೊಂಡಿತು.

"ಅಕ್ಕ... ಅದು ಬ್ರಿಟನ್ನಿನ ಅರ್ಥ. ನನ್ನ ಮಾತಲ್ಲ."

"ಹಾಗಾದ್ರೆ ನಿಮ್ಮ ಮಾತೇನು? ಹೇಳಿ, ಕೇಳ್ತೀನಿ."

ಐತಪ್ಪನವರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು.

"ಶಕುನಿ ಸತ್ತು ಯುಗ ಕಳೀತು" ಎಂದಳು ಕಲಾವತಿ. "ಅವನ ಹೆಸರಲ್ಲಿ ಏನ್ ಬೇಕಾದ್ರೂ ಆಡಿ, ಅವನಿಗೇನೂ ಆಗಲ್ಲ. ನನ್ನ ಮಗ ಬದುಕಿದಾನೆ ಕಣ್ರೀ."

ವಾಪಸು ಬರುವ ದಾರಿಯಲ್ಲಿ ವೆಂಕಟಾಚಲ ಒಂದೇ ಮಾತಾಡಿದರು: "ಎಲ್ಲರಿಗೂ ಗೊತ್ತಾಗೋಯ್ತು." "ಆಗ್ಲಿ ಬಿಡಿ" ಎಂದಳು ಆಕೆ. ಫ್ರೀವೇ ಪಕ್ಕದಲ್ಲಿ ಪೆಂಡಲ್ಟನ್ನಿನ ಬೋಳು ಗುಡ್ಡಗಳು ಬಂದಾಗ ಇಬ್ಬರೂ ಅತ್ತ ನೋಡಲಿಲ್ಲ.

ಮುಂದಿನ ಶನಿವಾರ ಮಕ್ಕಳ ಪಾಠ ಇರಲಿಲ್ಲ. ಆದರೂ ಐತಪ್ಪನವರು ಬಂದರು. ಕಲಾವತಿ ಬಾಗಿಲು ತೆರೆದರೂ ಒಳಗೆ ಕಾಲಿಡಲಿಲ್ಲ.

"ನೀವು ಕೇಳಿದ್ದಕ್ಕೆ ಉತ್ತರ ಹೇಳ್ಲಿಕ್ಕೆ ಬಂದೆ ಅಕ್ಕ. ಟ್ರ್ಯಾಕ್ಟರಿನಲ್ಲಿ ಮುದುಕಿಯರನ್ನು ಹೇರಿಕೊಂಡು ಓಡಿ ಬರ್ತಾರಲ್ಲ ಆ ಜನ, ಅವರನ್ನು ಟಿವಿಯಲ್ಲಿ ನೋಡುವಾಗ ಯಾರಾದರೂ ಹೋಗ್ಬೇಕು ಅಂತ ಕಾಣ್ತದೆ. ನಮ್ಮ ಗಿರಿ ಹೋಗ್ಬಾರ್ದು ಅಂತಲೂ ಕಾಣ್ತದೆ. ಎರಡೂ ನನ್ನದೇ ಮಾತು. ಇದನ್ನು ಹಿಡ್ಕೊಂಡು ಯಾವ ವಾದವೂ ಗೆಲ್ಲುದಿಲ್ಲ."

ಕಲಾವತಿ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಸಿಟ್ಟು ಇಳಿದಿರಲಿಲ್ಲ. ಆದರೆ ಇಷ್ಟು ದಿನ ತನಗೂ ಹಾಗೇ ಅನ್ನಿಸುತ್ತಿತ್ತು, ಬಾಯಿಬಿಟ್ಟು ಹೇಳಿದವರು ಮಾತ್ರ ಯಾರೂ ಇರಲಿಲ್ಲ.

"ಒಳಗೆ ಬನ್ನಿ" ಎಂದಳು. "ನ್ಯೂಸ್ ಬರೋ ಹೊತ್ತು."

ಜೂನ್ ತಿಂಗಳಲ್ಲಿ ಒಪ್ಪಂದವಾಯಿತು. ಕಾಲಾಳು ಪಡೆ ಯುದ್ಧಕ್ಕೆ ಇಳಿಯಲಿಲ್ಲ, ಗಿರಿಧರ್ ಪೆಂಡಲ್ಟನ್ನಿನಲ್ಲೇ ಉಳಿದ. ಸುದ್ದಿ ತಿಳಿದ ದಿನ ಕಲಾವತಿ ಮೊದಲು ಫೋನ್ ಮಾಡಿದ್ದು ಕಲ್ವರ್ ಸಿಟಿಗೆ.

ಐತಪ್ಪನವರು ಈಗಲೂ ಅದೇ ಅಂಗಡಿಯಲ್ಲಿ ಹೊಲಿಯುತ್ತಾರೆ. ತಿಂಗಳಿಗೊಂದು ಶನಿವಾರ ಸ್ಯಾನ್ ಡಿಯಾಗೋದ ಮಕ್ಕಳಿಗೆ ಪುರಾಣದ ಪ್ರಸಂಗಗಳನ್ನು ಕಲಿಸುತ್ತಾರೆ. ನಡೆಯುತ್ತಿರುವ ಯುದ್ಧದ ಮೇಲೆ ಚರ್ಚೆ ಇಟ್ಟರೆ ಸಭೆಯಲ್ಲಿ ಕುಳಿತು ಕೇಳುತ್ತಾರೆ, ಪಾತ್ರ ವಹಿಸುವುದಿಲ್ಲ.