ರಾಹೇಲಮ್ಮನ ಬಾಯಿ

ಕೊಟ್ಟೂರಿನ ನಮ್ಮ ಸಣ್ಣ ಚರ್ಚಿನಲ್ಲಿ ರಾಹೇಲಮ್ಮ ಪ್ರಾರ್ಥನೆಗೆ ಎದ್ದರೆ ಎಲ್ಲರೂ ಕಣ್ಣು ಮುಚ್ಚಿ ಕಿವಿ ತೆರೆಯುತ್ತಿದ್ದೆವು. ಬೆಳಿಗ್ಗೆ ಓಣಿ ಓಣಿ ತಿರುಗಿ ಮೊಸರು ಮಾರುತ್ತಿದ್ದ ಅವರಿಗೆ ಎಲ್ಲರ ಮನೆ ಸುದ್ದಿಯೂ ಗೊತ್ತು. ಸ್ತೋತ್ರ ಮುಗಿದದ್ದೇ ತಡ, ಅದೆಲ್ಲ ದೇವರಿಗೆ ವರದಿಯಾಗುತ್ತಿತ್ತು.

"ಯಪ್ಪಾ ಕರ್ತನೇ, ಶಾಂತಮ್ಮನ ಮೊಣಕಾಲು ಮತ್ತ ಬಾತೈತಿ. ಡಾಕ್ಟ್ರು ಕೊಟ್ಟ ಗುಳಿಗಿ ನುಂಗವಲ್ಲಳು. ನೀನರ ಬುದ್ಧಿ ಹೇಳು."

ಮುಂದಿನ ಬೆಂಚಿನಲ್ಲಿದ್ದ ಶಾಂತಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ಅವತ್ತು ರಾತ್ರಿ ಗುಳಿಗೆ ತಪ್ಪದೆ ಹೊಟ್ಟೆ ಸೇರುತ್ತಿತ್ತು.

ಒಂದು ಭಾನುವಾರ ಮಾತ್ರ ಎಡವಟ್ಟಾಯಿತು. "ಯೋಹಾನಪ್ಪ, ಅವನ ತಮ್ಮ, ಇಬ್ರೂ ನೀರಿನ ಪೈಪಿನ ಸಲುವಾಗಿ ಮಾತು ಬಿಟ್ಟಾರ ಯಪ್ಪಾ. ಇಲ್ಲಿ ಒಂದಾ ಬೆಂಚಿನ್ಯಾಗ ಕುಂತು ಹಾಡ್ತಾರ!" ಅಣ್ಣ ಬಲಬಾಗಿಲಿನಿಂದ ಹೊರನಡೆದ, ತಮ್ಮ ಎಡಬಾಗಿಲಿನಿಂದ. ಹಿರಿಯರೆಲ್ಲ ಗದ್ದಲವೆಬ್ಬಿಸಿದಾಗ ಪಾಸ್ಟರ್ ರಾಹೇಲಮ್ಮನನ್ನು ಕರೆದು, "ಇನ್ಮ್ಯಾಲ ಮನಸ್ಸಿನ್ಯಾಗ ಪ್ರಾರ್ಥನೆ ಮಾಡ್ರಿ" ಎಂದರು. "ಆತ್ರಿ" ಎಂದವರು ಹಿಂದಿನ ಬೆಂಚಿಗೆ ಹೋಗಿ ಕುಳಿತುಬಿಟ್ಟರು. ನಮ್ಮ ಆರಾಧನೆ ಬೇಗ ಮುಗಿಯತೊಡಗಿತು. ಸಪ್ಪೆಯೂ ಆಯಿತು.

ಕೆಲವು ವಾರಗಳ ಮೇಲೆ ಪಾಸ್ಟರ್ ಆತ್ಮವರಗಳ ಬಗ್ಗೆ ಪ್ರಸಂಗ ಮಾಡಿದರು. ದೇವರು ಪ್ರತಿಯೊಬ್ಬರಿಗೂ ಒಂದು ವರ ಕೊಟ್ಟಿದ್ದಾನೆ, ಅದು ಸಭೆಯ ಸೇವೆಗೆ ಎಂದರು. ಮುಗಿದ ಮೇಲೆ ಅಂಗಳದಲ್ಲಿ ನಿಂತು, "ಒಂಟಿ ಇರ್ತಾರಲ್ಲ ದೇವದಾಸಪ್ಪ, ಅವರ‍್ಯಾಕ ಕಾಣವಲ್ರು?" ಎಂದು ಕೇಳಿದರು. ಹಡಗಲಿಯ ಮಗಳ ಮನೆಗೆ ಹೋಗಿರಬೇಕು ಎಂದರು ಯಾರೋ. ರಾಹೇಲಮ್ಮನ ತುಟಿ ಕೊಂಕಿದ್ದನ್ನು ನಾನು ಕಂಡೆ.

"ನಿಮಗ ಗೊತ್ತೇನ್ ಅತ್ತಿ?" ಎಂದೆ.

"ಬಚ್ಚಲದಾಗ ಜಾರಿ ಬಿದ್ದು ಕಾಲು ಮುರ್ಕಂಡಾನ. ನಾಟಿ ವೈದ್ಯ ಬಂದು ಪಟ್ಟು ಕಟ್ಯಾನ. ನಾನಾ ಎರಡೊತ್ತು ರೊಟ್ಟಿ ಕೊಟ್ಟು ಬರ್ತೀನಿ."

ಪಾಸ್ಟರ್ ಗಾಬರಿಯಾದರು. "ಮತ್ತ ನಮಗ್ಯಾಕ ಹೇಳ್ಲಿಲ್ರಿ?"

"ಬಾಯಿ ಮುಚ್ಚಂದ್ರಿ. ಮುಚ್ಚೀನಿ."

ಮೊದಲು ನಕ್ಕವರು ಪಾಸ್ಟರೇ. ಆಮೇಲೆ ಎಲ್ಲರೆದುರು ಕೈಮುಗಿದು, "ತಪ್ಪಾತ್ರಿ ಯಮ್ಮಾ. ದೇವರು ಕೊಟ್ಟ ವರಕ್ಕ ನಾನಾ ಬೀಗ ಜಡಿದೆ. ಮುಂದಿನ ವಾರ ನೀವಾ ಪ್ರಾರ್ಥನಿ ಮಾಡ್ರಿ" ಎಂದರು.

ಅಲ್ಲಿಂದಲೇ ಎಲ್ಲರೂ ದೇವದಾಸಪ್ಪನ ಮನೆಗೆ ಹೋದೆವು. ಕಾಲು ತೋರಿಸಲು ಅವರನ್ನು ಆಸ್ಪತ್ರೆಗೆ ಒಯ್ಯಬೇಕಿತ್ತು. ಯೋಹಾನಪ್ಪ ಒಂದು ಕಡೆ, ತಮ್ಮ ಇನ್ನೊಂದು ಕಡೆ ಹಿಡಿದು ಆಟೋಗೆ ಹತ್ತಿಸುವಾಗ, "ಲೇ, ಆ ಕಡಿ ಸ್ವಲ್ಪ ಎತ್ತಲೇ" ಎಂಬ ಮಾತು ಅಣ್ಣನ ಬಾಯಿಂದ ಹೊರಬಿತ್ತು. ರಾಹೇಲಮ್ಮ ಆಕಾಶ ನೋಡಿ, "ಕೇಳಿಸ್ತಾ ಯಪ್ಪಾ?" ಎಂದರು.

ಕಳೆದ ವರ್ಷ ರಾಹೇಲಮ್ಮನನ್ನು ದಾವಣಗೆರೆಯ ಆಸ್ಪತ್ರೆಯಲ್ಲಿ ಕೊನೆಯ ಸಲ ಕಂಡೆ. ತಮ್ಮ ನೋವಿನ ಮಾತೇ ಇಲ್ಲ. "ನಮ್ಮ ಚರ್ಚಿನ ಸಾಲೊಮೋನನ ಮಗಳ ಕೆಮ್ಮು ಹೆಂಗೈತಿ?" ಎಂದರು. ನನಗೆ ಗೊತ್ತಿರಲಿಲ್ಲ.

"ಏನ್ ತಮ್ಮಾ ನೀನು! ಚರ್ಚಿಗೆ ಹೋಗಿ ಬರೇ ಹಾಡ್ಕಂತ ಕುಂತಿರ್ತೀಯೇನು? ಹೋಗು, ಕೇಳ್ಕಂಡು ಬಾ."

ಊರಿಗೆ ಬಂದವನು ಸಾಲೊಮೋನನ ಮನೆಗೆ ಹೋಗಿ ವಿಚಾರಿಸಿದೆ. ಕೆಮ್ಮು ಕಡಿಮೆಯಾಗಿತ್ತು. ಹುಡುಗಿ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ಅದನ್ನು ಹೇಳಲು ಮತ್ತೆ ಹೋಗುವಷ್ಟರಲ್ಲಿ ರಾಹೇಲಮ್ಮ ತೀರಿಕೊಂಡಿದ್ದರು.

ಆ ಭಾನುವಾರ ಪಾಸ್ಟರ್, "ಪ್ರಾರ್ಥನಿ ಯಾರು ಮಾಡ್ತೀರಿ?" ಎಂದಾಗ ಎಲ್ಲರೂ ರಾಹೇಲಮ್ಮ ಕೂರುತ್ತಿದ್ದ ಜಾಗ ನೋಡಿದರು. ಜನರೆದುರು ಎಂದೂ ಬಾಯಿ ಬಿಡದ ನಾನು ಎದ್ದು ನಿಂತೆ. ಸ್ತೋತ್ರದ ಮಾತು ಒಂದೂ ನೆನಪಾಗಲಿಲ್ಲ. "ಕರ್ತನೇ, ಆ ಹುಡುಗಿ ಕೆಮ್ಮು ಕಡಿಮಿ ಆಗೈತಿ. ರಾಹೇಲಮ್ಮಗ ಹೇಳಿಬಿಡು" ಎಂದೆ.