ಪರಿವಿಡಿಯ ತುಂಬ ಶಿವನ ಹೆಸರು

ಹಿರಿಯ ಮಗಳ ಮದುವೆ ಸವಣೂರಿಗೆ ಗೊತ್ತಾದಾಗ ನನ್ನ ಅತ್ತೆಯವರು ಒಂದೇ ಮಾತು ಹೇಳಿದರು: "ಬಂಗಾರ ನೀವು ಹಾಕ್ರಿ. ನಾ ಹಬ್ಬ ಕೊಡ್ತೇನಿ."

ಯಾವ ತಿಂಗಳಿಗೆ ಯಾವ ಹಬ್ಬ, ಅದಕ್ಕೆ ಏನೇನು ಅಡಿಗೆ, ಮಾಡುವುದು ಹೇಗೆ, ಎಲ್ಲವನ್ನೂ ಅವರು ಹೇಳುವುದು, ನಾನು ಬರೆಯುವುದು. ಉಡಿ ತುಂಬುವ ದಿನ ಅಕ್ಕಿ, ಕೊಬ್ಬರಿಯ ಜೊತೆಗೆ ಆ ಪುಸ್ತಕವೂ ಮಗಳ ಉಡಿ ಸೇರಬೇಕು. ಅವಳು ಅಡಿಗೆಮನೆಗೆ ಕಾಲಿಟ್ಟದ್ದೇ ಕಡಿಮೆ. ಹೋಗುವ ಮನೆಯಲ್ಲಿ ಅತ್ತೆಯಿಲ್ಲ. ಒಲೆಯ ಮುಂದೆ ಒಬ್ಬಳೇ ನಿಂತಾಗ ಬೇಕಾದದ್ದು ತಟ್ಟನೆ ಸಿಗಬೇಕು ಎಂಬುದೇ ಅತ್ತೆಯವರ ಚಿಂತೆ.

ಕಿರಿಯ ಮಗಳು ತನ್ನ ಲ್ಯಾಪ್‌ಟಾಪಿನಲ್ಲಿ ನನಗೆ ಟೈಪು ಮಾಡಲು ಕಲಿಸಿದಳು. ತಿಂಗಳು ಮೊದಲನೆಯ ಹೆಡ್ಡಿಂಗು, ಅದರೊಳಗೆ ಹಬ್ಬ ಎರಡನೆಯದು, ಹಬ್ಬದೊಳಗೆ ಅಡಿಗೆ ಮೂರನೆಯದು. ಮಾಡುವ ವಿಧಾನ ಸಾದಾ ಅಕ್ಷರದಲ್ಲಿ. ಹೆಡ್ಡಿಂಗು ಕೊಟ್ಟ ಸಾಲುಗಳನ್ನಷ್ಟೇ ಆರಿಸಿ ಕಂಪ್ಯೂಟರು ತಾನೇ ಪರಿವಿಡಿ ಮಾಡಿಕೊಡುತ್ತದಂತೆ.

"ತಿಳೀತನವ್ವಾ?"

"ತಿಳೀತು. ಅಂಗಳ, ಪಡಸಾಲಿ, ಅಡಿಗಿಮನಿ. ಒಂದು ದಾಟಿ ಒಂದು."

"ಇಷ್ಟು ಲಗೂನ ತಿಳೀತಂದ್ರ ನನಗ ಸಂಶಯ."

ಅವಳ ಸಂಶಯ ಸುಳ್ಳಾಗಲಿಲ್ಲ. ಕಿರಾಣಿ ಚೀಟಿಯ ತಲೆಯ ಮೇಲೂ 'ಓಂ ನಮಃ ಶಿವಾಯ' ಎಂದು ಬರೆಯದೆ ನನ್ನ ಕೈ ಓಡುವುದಿಲ್ಲ. ಇಲ್ಲಿಯೂ ಪುಟಪುಟಕ್ಕೆ ಬರೆದೆ. ದೇವರಿಗಿಂತ ಮೇಲೆ ಯಾರಿದ್ದಾರೆ? ಪ್ರತಿ ಸಲವೂ ಮೊದಲನೆಯ ಹೆಡ್ಡಿಂಗನ್ನೇ ಕೊಟ್ಟೆ.

ಅಕ್ಕಿಆಲೂರಿನ ಪ್ರೆಸ್ಸಿಗೆ ಕಳಿಸುವ ದಿನ ಮಧ್ಯಾಹ್ನ ಕಿರಿಯ ಮಗಳು ಪರಿವಿಡಿ ತೆಗೆದಳು. ಓಂ ನಮಃ ಶಿವಾಯ, ಪುಟ ಒಂದು. ಓಂ ನಮಃ ಶಿವಾಯ, ಪುಟ ಎರಡು. ನಲವತ್ತು ಪುಟಕ್ಕೆ ನಲವತ್ತು ಸಲ. ನಡುನಡುವೆ ಎಲ್ಲೋ ಒಂದು ತಿಂಗಳು. ಪುಟ ದಾಟಿದ ಹಬ್ಬಗಳು ತಮ್ಮ ತಿಂಗಳನ್ನು ಬಿಟ್ಟು ಶಿವನ ಕೆಳಗೆ ಹೋಗಿ ಕೂತಿದ್ದವು.

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅವ್ವಾ, ಇದು ಪರಿವಿಡಿ ಅಲ್ಲ, ಜಪಮಾಲಿ. ಅಕ್ಕ ಇದರಾಗ ಕಡಬು ಹುಡುಕೂದರೊಳಗ ಹುಣ್ಣಿವಿ ಮುಗದು ಅಮಾಸಿ ಬಂದಿರ್ತದ."

ಆ ಸಾಲುಗಳನ್ನೆಲ್ಲ ಸಾದಾ ಅಕ್ಷರಕ್ಕೆ ಇಳಿಸಬೇಕೆಂದಳು. ನನಗೆ ಕೈಯೇ ಬರಲಿಲ್ಲ. "ದೇವರನ್ನ ಉಪ್ಪು-ಖಾರದ ಸಾಲಿಗೆ ಹೆಂಗ ಇಳಸ್ಲಿ?"

ಎಲೆಗೆ ಸುಣ್ಣ ಸವರುತ್ತಿದ್ದ ಅತ್ತೆಯವರು ತಲೆ ಎತ್ತಲಿಲ್ಲ. "ಒಲಿ ಹಚ್ಚುವಾಗ ದಿನಾ ಶಿವಾ ಅಂತೀಯಲ್ಲ, ಅದಕ್ಕ ಬೋರ್ಡ್ ಬರಸೀಯೇನು? ಇಳಸು. ನನ್ನ ಮೊಮ್ಮಗಳಿಗೆ ಕಡಬು ಸಿಗಬೇಕು."

ಒಂದೇ ಸಲಕ್ಕೆ ಎಲ್ಲವನ್ನೂ ಇಳಿಸಬಹುದು ಎಂದಳು ಮಗಳು. ನಾನು ಒಪ್ಪಲಿಲ್ಲ. ಗಲ್ಲ ಬಡಿದುಕೊಂಡು ಒಂದೊಂದಾಗಿ ನಾನೇ ಇಳಿಸಿದೆ. ಅಷ್ಟು ಹೊತ್ತೂ ಕರೆಂಟು ಹೋಗಲಿಲ್ಲ, ಅದೂ ಅವನ ದಯೆಯೇ. ಮತ್ತೆ ಪರಿವಿಡಿ ತೆಗೆದಾಗ ಚೈತ್ರದ ಒಳಗೆ ಯುಗಾದಿ, ಯುಗಾದಿಯ ಒಳಗೆ ಹೋಳಿಗೆ, ಎಲ್ಲ ತಮ್ಮ ತಮ್ಮ ಮಣೆಯ ಮೇಲೆ ಕೂತಿದ್ದವು. ಉಡಿ ತುಂಬುವ ಹೊತ್ತಿಗೆ ಪುಸ್ತಕ ಕೈಗೆ ಬಂತು.

ಶೀಗಿ ಹುಣ್ಣಿಮೆಯ ದಿನ ಬೆಳಿಗ್ಗೆ ಸವಣೂರಿನಿಂದ ಹಿರಿಯ ಮಗಳ ಫೋನು ಬಂತು. ಅತ್ತೆಯವರೇ ಎತ್ತಿಕೊಂಡರು.

"ಆಯೀ, ಕಡಬು ಸಿಕ್ತು, ಪುಂಡಿಪಲ್ಯನೂ ಸಿಕ್ತು. ಆದ್ರ ಪಲ್ಯಕ್ಕ ಉಪ್ಪು ಎಷ್ಟಂತ ಬರದ ಇಲ್ಲಲ್ಲ?"

ನಾನು ಗಾಬರಿಯಾದೆ. ಅತ್ತೆಯವರು ಫೋನಿಗೆ ಅಂಗೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದರು.

"ನೀ ಮರತಿಲ್ಲ. ನಾನ ಹೇಳಿಲ್ಲ. ಒಂದಾದ್ರೂ ಕೇಳಾಕ ಫೋನ್ ಮಾಡ್ಲಿ ಅಂತ."