ನಜೀರಸಾಬರು ಮಳೆಗಾಗಿ ಕಾದದ್ದು

ನಜೀರಸಾಬರ ಹಾಡು ಕೇಳದೆ ನಮ್ಮ ಕಡೆ ಯಾರೂ ದ್ರಾಕ್ಷಿ ಕೊಯ್ಯುವುದಿಲ್ಲ. ಹೊರಗಿನವರು ಇದನ್ನು ಕೇಳಿ ನಕ್ಕರೆ ನಗಲಿ. ಅಥಣಿಯಲ್ಲಿ ನನ್ನದೊಂದು ಸಣ್ಣ ಕೇಬಲ್ ಟಿವಿ ಇದೆ. ನನ್ನ ಹೆಸರು ಬೀರದೇವ. ತಂತಿ ಎಳೆಯುವವನೂ ನಾನೇ, ಕ್ಯಾಮೆರಾ ಹಿಡಿಯುವವನೂ ನಾನೇ, ಕರೆಂಟು ಹೋದರೆ ಬೈಸಿಕೊಳ್ಳುವವನೂ ನಾನೇ. ಹನ್ನೊಂದು ವರ್ಷದಿಂದ ಸಂಜೆ ಏಳಕ್ಕೆ ನಜೀರಸಾಬರು ನನ್ನ ಟಿವಿಯಲ್ಲಿ ಕುಳಿತು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಐದೂ ತಾಲೂಕಿನ ಹವಾಮಾನ ಹೇಳುತ್ತಾರೆ. ಕೊನೆಗೆ ತಾವೇ ಕಟ್ಟಿದ ಒಂದು ಪದ ಹಾಡುತ್ತಾರೆ. ಈಗ ಅದು ಮೊಬೈಲಿನಲ್ಲೂ ಬರುತ್ತದೆ.

ಅವರು ಕಾಗವಾಡದವರು. ಮೂವತ್ತು ವರ್ಷ ನೀರಾವರಿ ಬಂಗಲೆಯಲ್ಲಿ ಮಳೆ ಅಳೆಯುವ ಕೆಲಸ ಮಾಡಿದವರು. ಬೆಳಿಗ್ಗೆ ಎಂಟೂವರೆಗೆ ಅಳತೆಯ ಡಬ್ಬಿ ನೋಡಿ ಪುಸ್ತಕದಲ್ಲಿ ಬರೆಯುವುದು, ಮೊಹರಮ್ಮು ಬಂತೆಂದರೆ ರಿವಾಯತ ಪದ ಹಾಡುವುದು, ಇಷ್ಟೇ ಅವರ ಬದುಕು. ನಿವೃತ್ತಿಯಾದ ಮೇಲೆ ನಾನೇ ಹಿಡಿದುಕೊಂಡು ಬಂದು ಕ್ಯಾಮೆರಾ ಮುಂದೆ ಕೂರಿಸಿದೆ. ಮೊದಲ ದಿನ ಅವರು ಮಾತಾಡಿದ್ದೆಲ್ಲ ಕ್ಯಾಮೆರಾ ಬಿಟ್ಟು ಗೋಡೆಯ ಕ್ಯಾಲೆಂಡರಿನ ಜೊತೆಗೆ.

ಎರಡನೆಯ ವರ್ಷ ಒಂದು ವಿಷಯ ಬಯಲಾಯಿತು. ಗಿರಿಜವ್ವ ಅಂತ ಒಬ್ಬರಿದ್ದಾರೆ, ಕಾಗವಾಡದಲ್ಲಿ ನಾಲ್ಕು ಎಕರೆ ದ್ರಾಕ್ಷಿ, ಒಣಗಿಸುವ ಸ್ವಂತ ಶೆಡ್ಡು. ಬಸ್ ಸ್ಟ್ಯಾಂಡಿನಲ್ಲಿ ನಜೀರಸಾಬರು ಸಿಕ್ಕಾಗ ಅವರು ಮುಖದ ಮೇಲೇ ಹೇಳಿದರು.

"ನಿಮ್ಮ ಮಾತ ಯಾರ ಕೇಳತಾರ್ರಿ? ನಾವು ಹಾಡ ಕೇಳತೇವಿ. ಹುರುಪಿಲೆ ಹಾಡಿದ್ರ ದ್ರಾಕ್ಷಿ ಕೊಯ್ಯತೇವಿ. ಎಳದ ಹಾಡಿದ್ರ ತಾಡಪತ್ರಿ ಇಳಸತೇವಿ."

ನಜೀರಸಾಬರಿಗೆ ಇದು ಗೊತ್ತೇ ಇರಲಿಲ್ಲ. ಮೋಡ ಕಂಡ ದಿನ ಅವರ ದನಿ ತಾನಾಗಿ ಇಳಿಯುತ್ತಿತ್ತು, ಬಿಸಿಲಿದ್ದರೆ ಏರುತ್ತಿತ್ತು, ಅಷ್ಟೇ. ಜನ ಅದನ್ನೇ ಮುನ್ಸೂಚನೆ ಮಾಡಿಕೊಂಡಿದ್ದರು. ಒಣಗಲು ಹರಡಿದ ಹಣ್ಣಿಗೆ ಹನಿ ತಾಗಿದರೆ ಕಪ್ಪಾಗುತ್ತದೆ. ಸುಮ್ಮನೆ ತಾಡಪತ್ರಿ ಇಳಿಸಿದರೂ ಗಾಳಿಯಾಡದೆ ಬೂಷ್ಟು ಹಿಡಿಯುತ್ತದೆ. ಅಂದಿನಿಂದ ಅವರು ಅದನ್ನೇ ನೇಮ ಮಾಡಿಕೊಂಡರು. ಒಣ ದಿನಕ್ಕೆ ಹುರುಪಿನ ಪದ, ಮಳೆಗೆ ಎಳೆದು ಹಾಡುವ ಪದ. ತಮಗೆ ಹೇಗನಿಸುತ್ತದೆ ಎನ್ನುವುದು ಲೆಕ್ಕಕ್ಕಿಲ್ಲದಂತಾಯಿತು.

ಪ್ರೀತಿಗೇನೂ ಕೊರತೆ ಇರಲಿಲ್ಲ. ಬಸ್ಸಿನಲ್ಲಿ ಸೀಟು ಬಿಡುತ್ತಿದ್ದರು, ಮದುವೆಯಲ್ಲಿ ಪಕ್ಕ ನಿಂತು ಫೋಟೋ ಹೊಡೆಸಿಕೊಳ್ಳುತ್ತಿದ್ದರು. ಆದರೆ ಎಲ್ಲರ ಮಾತೂ ಒಂದೇ, ಮಳೆ ಯಾವಾಗ? ಉಂಡಿರಾ ಎಂದು ಕೇಳಿದವರನ್ನು ನಾನಂತೂ ಕಾಣೆ. ಹಾಡನ್ನು ಹಾಡೆಂದು ಕೇಳುತ್ತಿದ್ದವರು ಭೂಮಿ ಮೇಲೆ ಒಬ್ಬರೇ, ಅವರ ಹೆಂಡತಿ ಕುಲಸುಂಬಿ ಕಾಕು. ನಿಪ್ಪಾಣಿಯ ತವರಿನಲ್ಲಿ ಕಲಿತ ಬೀಡಿ ಕಟ್ಟುವ ಕೆಲಸವನ್ನು ಕಾಗವಾಡದಲ್ಲೂ ಬಿಟ್ಟವರಲ್ಲ. ಮಕ್ಕಳಿಲ್ಲ. ಬೀಡಿ ಸುತ್ತುತ್ತ ಟಿವಿ ನೋಡುವರು, ಗಂಡ ಮನೆಗೆ ಬಂದ ಕೂಡಲೇ ಎಲ್ಲಿ ಉಸಿರು ಸಾಲದಾಯಿತು, ಎಲ್ಲಿ ತಾಳ ತಪ್ಪಿತು ಎಂದು ಬಿಡಿಸಿ ಹೇಳುವರು. ನಜೀರಸಾಬರು ಮರುದಿನ ಅದನ್ನೆಲ್ಲ ನನಗೆ ಹೆಮ್ಮೆಯಿಂದ ವರದಿ ಮಾಡುತ್ತಿದ್ದರು.

ಈ ವರ್ಷ ಮಾರ್ಚಿನಲ್ಲಿ ಕುಲಸುಂಬಿ ಕಾಕು ಒಂದು ಬೆಳಿಗ್ಗೆ ಬೀಡಿ ಎಲೆ ನೆನೆಹಾಕಿ ಕುಳಿತವರು ಹಾಗೇ ಗೋಡೆಗೆ ಒರಗಿದರು. ಮತ್ತೆ ಏಳಲಿಲ್ಲ.

ಮಣ್ಣಿಗೆ ನಾನೂ ಹೋಗಿದ್ದೆ. ಕಬರಸ್ತಾನದ ಗೇಟಿನಲ್ಲೇ ನನ್ನ ಫೋನು ಬಡಿದುಕೊಳ್ಳತೊಡಗಿತು. ದೂರದ ಊರುಗಳಿಗೆ ಸುದ್ದಿ ಮುಟ್ಟಿರಲಿಲ್ಲ. ಸಂಜೆ ಹಾಡಿದೆಯೋ ಇಲ್ಲವೋ, ನಾಳೆಗೆ ಆಳು ಕರೆದಿದ್ದೇವೆ ಎಂದು ಕೇಳುತ್ತಿದ್ದರು. ನಾನು ಏನು ಮಾಡಿದೆನೆಂದರೆ, ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಕೈಯ ಮಣ್ಣು ಕೂಡ ತೊಳೆಯದ ಆ ಮನುಷ್ಯನನ್ನು ಪಕ್ಕಕ್ಕೆ ಕರೆದು, ಹೋದ ವರ್ಷದ ಒಂದು ಹಾಡು ಹಾಕಲೇ ಎಂದು ಕೇಳಿದೆ.

"ಹಾಕು," ಎಂದರು. "ಮಂದಿ ಮಾಲ ಹಾಳಾಗಬಾರದು."

ಹಾಕಿದೆ. ಅಂದಿನ ಹವಾಮಾನದ ಲೆಕ್ಕವನ್ನು ಪರದೆಯ ಕೆಳಗಿನ ಪಟ್ಟಿಯಲ್ಲಿ ಓಡಿಸಿದೆ. ಆಕಾಶ ನಿಚ್ಚಳವಾಗಿತ್ತು, ಹಾಗಾಗಿ ಹುರುಪಿನ ಹಾಡೇ ಬೇಕಿತ್ತು. ಹೆಂಡತಿಯನ್ನು ಮಣ್ಣು ಮಾಡಿದ ಸಂಜೆ ನಜೀರಸಾಬರು ಐದು ತಾಲೂಕಿನ ಮನೆಗಳಲ್ಲಿ ಚಪ್ಪಾಳೆ ಹಾಕುತ್ತ ಹಾಡಿದರು. ಓಣಿಯ ತುದಿಯ ಚಹಾದಂಗಡಿಯಿಂದ ಆ ದನಿ ಅವರ ಮನೆಯವರೆಗೂ ಬಂತಂತೆ. ಮೂರು ದಿನವೂ ಹೀಗೇ ನಡೆಯಿತು.

ಮೂರನೆಯ ದಿನದ ಜಿಯಾರತ ಮುಗಿದ ಮರುದಿನ ಅವರು ಕೆಲಸಕ್ಕೆ ಬಂದರು. ಕುರ್ಚಿಯಲ್ಲಿ ಕೂರುವ ಮೊದಲು ನನ್ನನ್ನು ಕರೆದರು.

"ಬೀರದೇವ, ಆಕೀ ಮ್ಯಾಲ ಒಂದು ಪದ ಕಟ್ಟೇನಿ. ಇವತ್ತ ಅದನ್ನ ಹಾಡತೇನಿ. ನಾಕ ಮಂದಿಗೆ ಗೊತ್ತಾಗಲಿ, ಆಕೀ ಇದ್ಲು ಅಂತ."

ಮೆಲ್ಲಗೆ ಎರಡು ಸಾಲು ಹಾಡಿ ತೋರಿಸಿದರು. ರಿವಾಯತದ ಧಾಟಿ, ಎಳೆದು ಎಳೆದು ಹಾಡುವಂಥದು. ನನ್ನ ಬಾಯಿಗೆ ಬಂದದ್ದು ವ್ಯಾಪಾರದ ಮಾತೇ.

"ಕಾಕಾ, ಇದನ್ನ ಹಾಡಿದ್ರ ಐದೂ ತಾಲೂಕಿನ ಶೆಡ್ ಮುಚ್ಚತಾವ್ರಿ."

ಅಷ್ಟು ಹೇಳಿ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಕಾಕು ಯಾವತ್ತು ತೀರಿಕೊಂಡರೆಂದು ಟಿವಿಯಲ್ಲಿ ಹೇಳಿದರೆ, ಆ ಮೂರು ದಿನ ಹಳೆಯ ಹಾಡು ಹಾಕಿದ್ದು ಜನರಿಗೆ ತಿಳಿಯುತ್ತದೆ, ನಂಬಿಕೆ ಹೋಗುತ್ತದೆ ಎಂದೂ ಸೇರಿಸಿದೆ. ಅವರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

"ಖರೆ ಐತಿ," ಎಂದರು. "ಸುಳ್ಳ ಮಳಿ ಹೇಳಾಕ ನನಗೂ ಬರೂದಿಲ್ಲ. ಮಳಿ ಬರೂ ದಿನಾ ಹಾಡತೇನಿ."

ಆ ಸಂಜೆ ಹುರುಪಿನ ಪದ ಹಾಡಿದರು. ಮರುದಿನವೂ ಹಾಡಿದರು.

ಅಂದಿನಿಂದ ಅವರು ಮಳೆಗಾಗಿ ಕಾದರು. ಗೇಣು ಹೊಲವಿಲ್ಲದ ಮನುಷ್ಯ ಒಕ್ಕಲಿಗರಿಗಿಂತ ಹೆಚ್ಚು ಕಾದರು. ಮುಂಜಾನೆ ಎದ್ದು ನಿಪ್ಪಾಣಿ ಕಡೆಯ ಭೋಜದ ಗುರಪ್ಪನಿಗೆ ಫೋನು. ಅವನ ಹೊಲ ನದಿಯ ದಂಡೆಗಿದೆ, ಪಡುವಣ ಮೋಡ ಮೊದಲು ಕಾಣುವುದು ಅವನಿಗೆ. ಆಮೇಲೆ ಅಲಖನೂರಿನ ಮುರಗೆಪ್ಪನಿಗೆ ಫೋನು ಮಾಡಿ ಗಾಳಿ ಯಾವ ಕಡೆಯದು ಎಂದು ಕೇಳುವರು. ಏಪ್ರಿಲ್ ಹೋಯಿತು. ಒಣದ್ರಾಕ್ಷಿ ಡಬ್ಬಿಗೆ ತುಂಬಿ ಎಲ್ಲರೂ ಕೈ ತೊಳೆದುಕೊಂಡರು. ಈ ವರ್ಷ ಕಾಲವಲ್ಲದ ಕಾಲದ ಒಂದು ಅಡ್ಡಮಳೆಯೂ ಆಗಲಿಲ್ಲ. ಮೇ ತಿಂಗಳಲ್ಲಿ ರಾಯಬಾಗದ ಕಡೆ ಮೋಡ ಕಟ್ಟಿತು. ನಜೀರಸಾಬರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬಿಸಿನೀರು ಕುಡಿದು ಗಂಟಲು ಸರಿಮಾಡಿಕೊಂಡು ಬಂದರು. ಆರೂವರೆಗೆ ಗಾಳಿ ತಿರುಗಿ ಮೋಡವೆಲ್ಲ ಚದುರಿತು. ಅಂಗಿಯ ತೋಳು ಮಡಚಿಕೊಂಡು ಬಿಸಿಲಿನ ಹಾಡು ಹಾಡಿದರು. ಕ್ಯಾಮೆರಾ ಹಿಂದೆ ನಿಂತು ನಾನು ಅವರ ಮುಖ ನೋಡಲಾರದೆ ವೈರು ಸರಿಮಾಡುತ್ತಿದ್ದೆ. ರೋಹಿಣಿ ಮಳೆಯ ದಿನಗಳೂ ಒಣಗಿಯೇ ಹೋದವು.

ಒಂದು ದಿನ ಊಟದ ಡಬ್ಬಿ ತೆರೆದು ಕುಳಿತಿದ್ದರು. ಎರಡು ರೊಟ್ಟಿ, ಒಂದಿಷ್ಟು ಚಟ್ನಿ. ಮನೆಯಲ್ಲಿ ಮಾತಾಡಲು ಯಾರೂ ಇಲ್ಲದ್ದಕ್ಕೆ ಟಿವಿ ಹಚ್ಚುತ್ತಾರಂತೆ, ಹಚ್ಚಿದರೆ ರಾತ್ರಿಯ ಮರುಪ್ರಸಾರದಲ್ಲಿ ತಾವೇ ಕಾಣುತ್ತಾರಂತೆ. ಇದನ್ನು ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ಮಿರಗದ, ಅಂದರೆ ಮೃಗಶಿರ ಮಳೆಯ, ಐದನೆಯ ದಿನ ಗುರಪ್ಪನ ಫೋನು ತಾನಾಗಿ ಬಂತು. ಪಡುವಣ ದಿಕ್ಕು ಕಪ್ಪಾಗಿದೆ, ಹೊಳೆಯ ನೀರು ಕೆಂಪಾಗಿದೆ. ಮೊಬೈಲೂ ಅದನ್ನೇ ಹೇಳಿತು, ಗಾಳಿಯೂ ಹೇಳಿತು. ಆ ಸಂಜೆ ನಜೀರಸಾಬರು ಐದು ತಾಲೂಕಿನ ಲೆಕ್ಕ ಓದಿ, ಕಾಗದ ಕೆಳಗಿಟ್ಟು, ಕಣ್ಣು ಮುಚ್ಚಿದರು.

ಕದವ ಹಾಕಿಲ್ಲ ಕುಲಸುಂಬಿ, ದೀಪ ಆರಿಸಿಲ್ಲ,
ದಾರಿ ನಿನಗ ಗೊತ್ತೈತಿ, ತಡ ಯಾಕ ಮಾಡೀದಿ.

ಪ್ರತಿ ನುಡಿಯಲ್ಲೂ ಆಕೆಯ ಹೆಸರಿತ್ತು. ಒಂದನ್ನೂ ಬಿಡದೆ ಏಳು ನುಡಿ ಹಾಡಿದರು. ಕಾರ್ಯಕ್ರಮದ ಸಮಯ ಮೀರಿತು, ನಾನು ತಡೆಯಲಿಲ್ಲ. ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಕ್ಯಾಮೆರಾ ಆರಿಸುವಷ್ಟರಲ್ಲಿ ಫೋನು ಶುರುವಾದವು. ನಿಪ್ಪಾಣಿಯಿಂದ, ಚಿಕ್ಕೋಡಿಯಿಂದ, ಎಲ್ಲ ಕಡೆಯಿಂದ. ಸಾಬರಿಗೆ ಶರಣು ಹೇಳು ಎಂದರು, ಬೀಜ ಹೊರಗೆ ತೆಗೆದೆವು ಎಂದರು. ಒಬ್ಬನ ಮನೆಯ ಹಿಂದೆ ಪಟಾಕಿಯ ಸದ್ದು ಕೇಳಿಸಿತು. ಗಿರಿಜವ್ವ ಅಂತೂ ಹಾಡು ಕೇಳಿ ಜೀವ ತಣ್ಣಗಾಯಿತು, ಇಂಥ ಹಾಡು ದಿನಾ ಹಾಡಲಿ ಎಂದು ನಗುತ್ತಿದ್ದರು.

ನಜೀರಸಾಬರು ಕುರ್ಚಿ ಬಿಟ್ಟು ಎದ್ದಿರಲಿಲ್ಲ. ನಾನು ಫೋನು ಕೆಳಗಿಡುವುದನ್ನೇ ನೋಡುತ್ತಿದ್ದರು.

"ಆಕೀ ಬಗ್ಗೆ ಯಾರರ ಕೇಳಿದ್ರೇನು?"

"ಇಲ್ರಿ ಕಾಕಾ. ಎಲ್ಲಾರೂ ಭಾಳ ಖುಷಿ ಆಗ್ಯಾರ."

ಅವರು ತಲೆಯಾಡಿಸಿದರು. ನಾನು ಹಾಡು ಕೇಳಿದೆ ಕಾಕಾ, ಪ್ರತಿ ಸಾಲೂ ಕೇಳಿದೆ ಎಂದು ನಾನಾದರೂ ಹೇಳಬಹುದಿತ್ತು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಮತ್ತೊಂದು ಫೋನು ಬಂತು, ನಾನು ಅದನ್ನು ಎತ್ತಿದೆ.